ಓಪನ್‌ಮಲೇರಿಯಾ: ಸೊಳ್ಳೆಪರದೆ ಹಂಚುವುದನ್ನು ನಿಲ್ಲಿಸಿದರೆ ಏನಾದೀತು ಎಂದು ಕೇಳಬಹುದಾದ ತಂತ್ರಾಂಶ

ಮಲೇರಿಯಾ ನಿಯಂತ್ರಣದ ಯೋಜನೆ ಬರೆಯುವವರ ಮುಂದೆ ಹಣಕ್ಕಿಂತ ಪ್ರಶ್ನೆಗಳೇ ಹೆಚ್ಚಾಗಿರುತ್ತವೆ. ಕೀಟನಾಶಕ ಲೇಪಿಸಿದ ಸೊಳ್ಳೆಪರದೆಯನ್ನು ಮೂರು ವರ್ಷಕ್ಕೊಮ್ಮೆ ಎಲ್ಲರಿಗೂ ಹಂಚಬೇಕೋ, ಮಳೆಗಾಲಕ್ಕೆ ಮುಂಚೆ ಮನೆಯ ಒಳಗೋಡೆಗಳಿಗೆ ಔಷಧ ಸಿಂಪಡಿಸಬೇಕೋ, ಅಥವಾ ಜ್ವರ ಬಂದವರಿಗೆ ಮೊದಲ ದಿನವೇ ರಕ್ತಪರೀಕ್ಷೆ ಮತ್ತು ಚಿಕಿತ್ಸೆ ಸಿಗುವಂತೆ ಮಾಡುವುದಕ್ಕೇ ಇರುವುದನ್ನೆಲ್ಲ ಖರ್ಚು ಮಾಡಬೇಕೋ? ಎರಡನ್ನು ಕೂಡಿಸಿದರೆ ಲಾಭವೂ ಕೂಡುತ್ತದೆಯೋ, ಇಲ್ಲವೇ ಒಂದು ಮಾಡುವ ಕೆಲಸವನ್ನೇ ಇನ್ನೊಂದೂ ಮಾಡಿ ಹಣ ದಂಡವಾಗುತ್ತದೆಯೋ? ಎಲ್ಲಕ್ಕಿಂತ ಕಠಿಣವಾದದ್ದು, ಐದಾರು ವರ್ಷ ನಡೆಸಿದ ಮೇಲೆ ಹಣ ನಿಂತುಹೋದರೆ ಆ ಜನರ ಗತಿ ಏನು ಎಂಬ ಪ್ರಶ್ನೆ. ಇವನ್ನೆಲ್ಲ ಊರೂರುಗಳಲ್ಲಿ ಒಂದೊಂದಾಗಿ ಮಾಡಿ ನೋಡುವಷ್ಟು ಕಾಲ ಯಾರಿಗೂ ಇಲ್ಲ; ಕೊನೆಯದನ್ನಂತೂ ಬೇಕೆಂದೇ ಜನರ ಮೇಲೆ ಪ್ರಯೋಗಿಸುವುದು ಅನ್ಯಾಯ. ಇಂಥ ಪ್ರಶ್ನೆಗಳನ್ನು ಕಂಪ್ಯೂಟರಿನೊಳಗಿನ ಕಲ್ಪಿತ ಊರೊಂದರ ಮೇಲೆ ಪ್ರಯೋಗಿಸಿ ನೋಡುವುದಕ್ಕೆಂದೇ ಇರುವ ತಂತ್ರಾಂಶಗಳಲ್ಲಿ ಓಪನ್‌ಮಲೇರಿಯಾವನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಎರಡು ಯೋಜನೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದಕ್ಕೆ, ಅದರಲ್ಲೂ ಕಾರ್ಯಕ್ರಮ ನಿಂತ ನಂತರದ ವರ್ಷಗಳನ್ನು ಮುಂಚಿತವಾಗಿ ನೋಡುವುದಕ್ಕೆ ಇದನ್ನು ಧೈರ್ಯವಾಗಿ ಬಳಸಬಹುದು ಎಂಬುದು ನನ್ನ ಅಭಿಪ್ರಾಯ. ಮುಂದಿನ ವರ್ಷ ಇಂಥ ಊರಿನಲ್ಲಿ ಇಷ್ಟೇ ಜನರಿಗೆ ಜ್ವರ ಬರುತ್ತದೆ ಎಂಬ ಲೆಕ್ಕಕ್ಕೆ ಮಾತ್ರ ಇದನ್ನು ನೆಚ್ಚಬಾರದು.

ಸ್ವಿಟ್ಜರ್ಲೆಂಡ್‌ನ ಸ್ವಿಸ್ ಟ್ರಾಪಿಕಲ್ ಅಂಡ್ ಪಬ್ಲಿಕ್ ಹೆಲ್ತ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಕಟ್ಟಿದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರ ಮೂಲಸಂಕೇತವೂ ಎಲ್ಲರಿಗೂ ತೆರೆದಿದೆ. ಇದರ ಅಡಿಪಾಯವಾದ ಸಂಶೋಧನಾ ಲೇಖನಗಳ ಗುಚ್ಛ 2006ರಲ್ಲಿ ಪ್ರಕಟವಾಯಿತು. ಕೆಲವು ವರ್ಷ ಇದರ ಭಾರಿ ಲೆಕ್ಕಗಳನ್ನು ಜಗತ್ತಿನ ಎಲ್ಲೆಲ್ಲಿಯೋ ಇದ್ದ ಸ್ವಯಂಸೇವಕರ ಮನೆಯ ಕಂಪ್ಯೂಟರುಗಳೇ ಬಿಡುವಿನ ವೇಳೆಯಲ್ಲಿ ಮಾಡಿಕೊಟ್ಟವು. ಮಲೇರಿಯಾಕಂಟ್ರೋಲ್ ಡಾಟ್ ನೆಟ್ ಎಂಬ ಆ ಯೋಜನೆ 2016ರಲ್ಲಿ ಮುಗಿಯಿತು. ಮುಖ ಕಾಣದ ರೋಗಿಗಳಿಗಾಗಿ ತಮ್ಮ ಮನೆಯ ವಿದ್ಯುತ್ತನ್ನು ಕೊಟ್ಟ ಆ ಜನರನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಮಲೇರಿಯಾಕ್ಕೆ ಗಣಿತ ಹೊಸದೇನೂ ಅಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು 1897ರಲ್ಲಿ ಕಂಡ ರೊನಾಲ್ಡ್ ರಾಸ್ ಅವರೇ ಮುಂದೆ ಸಮೀಕರಣಗಳನ್ನು ಬರೆದು, ರೋಗ ನಿಲ್ಲಬೇಕಾದರೆ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ತಂದರೆ ಸಾಕು ಎಂದು ವಾದಿಸಿದರು. 1950ರ ದಶಕದಲ್ಲಿ ಮಲೇರಿಯಾ ತಜ್ಞ ಜಾರ್ಜ್ ಮೆಕ್‌ಡೊನಾಲ್ಡ್ ಅವರು ತೋರಿಸಿದ್ದು ಇನ್ನೂ ಹರಿತವಾದ ವಿಷಯ. ರಕ್ತದ ಜೊತೆ ಪರಾವಲಂಬಿಯನ್ನು ಹೀರಿದ ಸೊಳ್ಳೆ ಇನ್ನೊಬ್ಬರಿಗೆ ಅದನ್ನು ದಾಟಿಸಬೇಕಾದರೆ ಸುಮಾರು ಹತ್ತು ದಿನ ಬದುಕಿರಬೇಕು. ಒಂದು ದಿನ ಕಳೆದು ಮರುದಿನಕ್ಕೆ ನೂರಕ್ಕೆ 90 ಸೊಳ್ಳೆ ಉಳಿಯುವುದಾದರೆ ಹತ್ತು ದಿನಗಳ ಕೊನೆಗೆ ಸುಮಾರು 35 ಉಳಿಯುತ್ತವೆ. ನೂರಕ್ಕೆ 80 ಉಳಿಯುವುದಾದರೆ ಹತ್ತು ದಿನಗಳ ಕೊನೆಗೆ ಉಳಿಯುವುದು ಸುಮಾರು 11 ಮಾತ್ರ. ದಿನದ ಉಳಿವು ನೂರಕ್ಕೆ ಹತ್ತರಷ್ಟು ಕಡಿಮೆಯಾದರೆ ಅಪಾಯಕಾರಿ ಸೊಳ್ಳೆಗಳು ಮೂರರಲ್ಲೊಂದು ಪಾಲಿಗೆ ಇಳಿಯುತ್ತವೆ. ಗೋಡೆಗೆ ಸಿಂಪಡಿಸುವ ಔಷಧ ಮತ್ತು ಲೇಪಿತ ಪರದೆ ಇಷ್ಟು ಫಲ ಕೊಡುವ ಗುಟ್ಟು ಇದರಲ್ಲಿದೆ.

ಆದರೆ ಆ ಸಮೀಕರಣಗಳಲ್ಲಿ ಜನರೆಲ್ಲ ಒಂದೇ ಅಚ್ಚಿನವರು. ಓಪನ್‌ಮಲೇರಿಯಾದಲ್ಲಿ ಹಾಗಲ್ಲ. ಇಲ್ಲಿ ಒಂದು ಕಲ್ಪಿತ ಊರು ಇರುತ್ತದೆ, ಆ ಊರಿನ ಪ್ರತಿಯೊಬ್ಬರಿಗೂ ಒಂದು ಪ್ರತ್ಯೇಕ ಖಾತೆ ಇರುತ್ತದೆ. ವಯಸ್ಸೆಷ್ಟು, ಈವರೆಗೆ ಎಷ್ಟು ಸಲ ಸೋಂಕು ತಗಲಿದೆ, ಈಗ ಮೈಯಲ್ಲಿ ಎಷ್ಟು ಸೋಂಕುಗಳಿವೆ, ರಕ್ತದಲ್ಲಿ ಪರಾವಲಂಬಿಗಳ ಸಾಂದ್ರತೆ ಎಷ್ಟು ಎಂಬುದನ್ನೆಲ್ಲ ಐದೈದು ದಿನಕ್ಕೊಮ್ಮೆ ಪರಿಷ್ಕರಿಸುತ್ತ ಅದು ಮುಂದೆ ಸಾಗುತ್ತದೆ. ಅಂದರೆ ವರ್ಷಕ್ಕೆ 73 ಹೆಜ್ಜೆ. ಮೈಯ ವಿಸ್ತೀರ್ಣ ಹೆಚ್ಚಿದಂತೆ ಸೊಳ್ಳೆ ಕಡಿತವೂ ಹೆಚ್ಚುತ್ತದೆ ಎಂಬುದನ್ನು ಕೂಡ ಲೆಕ್ಕಕ್ಕೆ ಹಿಡಿದಿರುವುದರಿಂದ ಕೂಸಿಗೂ ದೊಡ್ಡವರಿಗೂ ಒಂದೇ ಅಳತೆ ಬೀಳುವುದಿಲ್ಲ. ಮನುಷ್ಯನ ರಕ್ತದಲ್ಲಿ ಪರಾವಲಂಬಿ ದಿನದಿನಕ್ಕೆ ಹೇಗೆ ಏರುತ್ತದೆ, ಇಳಿಯುತ್ತದೆ ಎಂಬ ಭಾಗಕ್ಕೆ ಆಧಾರವಾಗಿರುವುದು ಬಹಳ ಹಳೆಯ ದಾಖಲೆಗಳು. ಪೆನ್ಸಿಲಿನ್ ಬರುವ ಮುನ್ನ ಮಿದುಳಿಗೆ ಏರಿದ ಸಿಫಿಲಿಸ್ ರೋಗಕ್ಕೆ ಮಲೇರಿಯಾ ಜ್ವರ ಬರಿಸುವುದೇ ಚಿಕಿತ್ಸೆಯಾಗಿತ್ತು. ಆ ಚಿಕಿತ್ಸೆಗೆ ವೈದ್ಯ ವಾಗ್ನರ್ ಯೌರೆಗ್ ಅವರಿಗೆ 1927ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತ್ತು. ಹಾಗೆ ಜ್ವರ ಬರಿಸಿಕೊಂಡ ರೋಗಿಗಳ ರಕ್ತವನ್ನು ದಿನವೂ ಎಣಿಸಿಟ್ಟ ಪಟ್ಟಿಗಳು ಇಂದು ಈ ತಂತ್ರಾಂಶದೊಳಗೆ ಸೇರಿಕೊಂಡಿವೆ. ಇಂದಿನ ನೀತಿಯಲ್ಲಿ ಯಾರೂ ಅಂಥ ಎಣಿಕೆ ಮಾಡುವಂತಿಲ್ಲ, ಆದ್ದರಿಂದ ಆ ರೋಗಿಗಳ ಋಣ ಸಣ್ಣದಲ್ಲ.

ಬಳಕೆಯ ವಿಚಾರಕ್ಕೆ ಬರುತ್ತೇನೆ. ಗುಂಡಿ ಒತ್ತಿ, ಪಟ್ಟಿಯಿಂದ ಆರಿಸಿ, ಬಣ್ಣದ ನಕ್ಷೆ ನೋಡುವ ತಂತ್ರಾಂಶವನ್ನು ನಿರೀಕ್ಷಿಸಿದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಎಲ್ಲವನ್ನೂ ಎಕ್ಸ್‌ಎಂಎಲ್ ಎಂಬ ಪಠ್ಯರೂಪದ ಒಂದು ಕಡತದಲ್ಲಿ ಬರೆದು, ಆದೇಶದ ಸಾಲಿನಿಂದ (ಕಮಾಂಡ್ ಲೈನ್) ಓಡಿಸಬೇಕು. ಜನಸಂಖ್ಯೆಯ ವಯೋಹಂಚಿಕೆ, ಸಮೀಕ್ಷೆ ನಡೆಯುವ ದಿನಗಳು, ನಿಯಂತ್ರಣ ಕ್ರಮಗಳು, ಚಿಕಿತ್ಸಾ ವ್ಯವಸ್ಥೆ, ಸೊಳ್ಳೆಯ ವಿವರ, ಮಾದರಿಯ ಸ್ಥಿರಾಂಕಗಳು ಎಂದು ಕಡತದಲ್ಲಿ ಬೇರೆ ಬೇರೆ ಭಾಗಗಳಿವೆ. ಮೊದಲ ವಾರ ಇದು ಬೇಸರ ತರಿಸುತ್ತದೆ. ಆಮೇಲೆ ಇದರ ಬೆಲೆ ತಿಳಿಯುತ್ತದೆ: ಯೋಜನೆಯ ಒಂದೊಂದು ಊಹೆಯೂ ಓದಬಹುದಾದ ಒಂದೊಂದು ಸಾಲಾಗಿ ಕಣ್ಣೆದುರಿಗೆ ಇರುವುದರಿಂದ, ಆರು ತಿಂಗಳ ನಂತರ ಯಾರಾದರೂ ಬಂದು ಇದನ್ನು ಏಕೆ ಹೀಗೆ ಇಟ್ಟಿರಿ ಎಂದು ಕೇಳಿದರೆ ಬೆರಳಿಟ್ಟು ತೋರಿಸಬಹುದು.

ಸೊಳ್ಳೆಪರದೆಯ ಭಾಗವನ್ನೇ ನೋಡಿ. ಪರದೆ ಹಂಚಿದರು, ರೋಗ ಇಷ್ಟು ಇಳಿಯಿತು ಎಂದು ಒಂದೇ ಅಂಕಿಯಲ್ಲಿ ಮುಗಿಸಲು ಈ ತಂತ್ರಾಂಶ ಬಿಡುವುದಿಲ್ಲ. ಹಂಚಿದ ಪರದೆಗಳು ಕಾಲ ಕಳೆದಂತೆ ಮನೆಯಿಂದ ಎಷ್ಟು ವೇಗದಲ್ಲಿ ಕಾಣೆಯಾಗುತ್ತವೆ, ಇರುವ ಪರದೆಯಲ್ಲಿ ವರ್ಷಕ್ಕೆ ಎಷ್ಟು ಹೊಸ ತೂತುಗಳು ಬೀಳುತ್ತವೆ, ಬಿದ್ದ ತೂತು ಹರಿದು ಎಷ್ಟು ದೊಡ್ಡದಾಗುತ್ತದೆ, ಲೇಪಿಸಿದ ಔಷಧ ಒಗೆತದಲ್ಲಿ ಮತ್ತು ಸವೆತದಲ್ಲಿ ಎಷ್ಟು ಬೇಗ ಕರಗುತ್ತದೆ, ಪರದೆ ಇದ್ದವರಲ್ಲಿ ಎಷ್ಟು ಪಾಲು ಜನ ನಿಜವಾಗಿ ಅದರೊಳಗೆ ಮಲಗುತ್ತಾರೆ ಎಂಬುದನ್ನು ಬಿಡಿಬಿಡಿಯಾಗಿ ಕೇಳುತ್ತದೆ. ಸೊಳ್ಳೆಯ ಕಡೆಯಿಂದಲೂ ಮೂರು ವಿಷಯಗಳನ್ನು ಬೇರೆ ಮಾಡುತ್ತದೆ: ಔಷಧದ ವಾಸನೆಗೇ ಅದು ದೂರ ಸರಿಯುವುದು, ಕಚ್ಚುವ ಮುನ್ನ ಸಾಯುವುದು, ಕಚ್ಚಿದ ನಂತರ ಸಾಯುವುದು. ಮೂರನೆಯದರಿಂದ ಕಚ್ಚಿಸಿಕೊಂಡವರಿಗೆ ಏನೂ ಲಾಭವಿಲ್ಲ, ನೆರೆಮನೆಯವರಿಗೆ ಇದೆ. ಮೊದಲನೆಯದು ಪರದೆಯೊಳಗಿನವರನ್ನು ಕಾಯುತ್ತದೆ, ಸೊಳ್ಳೆಯನ್ನು ಪರದೆ ಇಲ್ಲದವರ ಕಡೆಗೆ ಅಟ್ಟಲೂಬಹುದು. ಇವನ್ನೆಲ್ಲ ಬಿಡಿಸಿ ಕೇಳುವ ಈ ಭಾಗವನ್ನು ತುಂಬುತ್ತ ಕುಳಿತಾಗಲೇ ನನಗೆ, ಪರದೆಯ ಬಟ್ಟೆ ಎಷ್ಟು ಗಟ್ಟಿ ಎಂಬ ಖರೀದಿ ವಿಭಾಗದ ವಿಚಾರವೂ ರೋಗದ ವಿಚಾರವೇ ಎಂದು ಸ್ಪಷ್ಟವಾಯಿತು. ಪರದೆಯ ಬಾಳಿಕೆಯನ್ನು ಬದಲಿಸಿ ಓಡಿಸಿದಾಗ ನಕ್ಷೆಯಲ್ಲಿ ಮೂರನೆಯ ವರ್ಷದ ರೋಗದ ಗೆರೆ ಎಷ್ಟು ಅಲುಗಾಡುತ್ತದೆ ಎಂಬುದನ್ನು ನೋಡದೆ ಯಾರೂ ಹಂಚಿಕೆಯ ಅಂತರವನ್ನು ನಿರ್ಧರಿಸಬಾರದು.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳುವುದು ಹೊಸಬರಿಗೆ ಉಪಯೋಗವಾದೀತು. ಓಟ ಮುಗಿದ ಮೇಲೆ ಸಿಗುವ ಫಲಿತಾಂಶದ ಕಡತದಲ್ಲಿ ಶೀರ್ಷಿಕೆಗಳಿಲ್ಲ. ಸಮೀಕ್ಷೆಯ ಕ್ರಮಾಂಕ, ವಯೋಗುಂಪು, ಅಳತೆಯ ಸಂಕೇತ, ಮೌಲ್ಯ ಎಂದು ನಾಲ್ಕು ಕಂಬಸಾಲುಗಳ ಅಂಕಿಗಳು ಮಾತ್ರ. ಅಳತೆಯ ಸಂಕೇತ 1 ಎಂದರೆ ಸೋಂಕು ಇರುವವರೆಲ್ಲರ ಸಂಖ್ಯೆ. ಸಂಕೇತ 3 ಎಂದರೆ ಪತ್ತೆಯ ಮಿತಿಯನ್ನು ದಾಟುವಷ್ಟು ಪರಾವಲಂಬಿ ರಕ್ತದಲ್ಲಿ ಇರುವವರ ಸಂಖ್ಯೆ, ಅಂದರೆ ಸೂಕ್ಷ್ಮದರ್ಶಕದ ಕೆಳಗೆ ರಕ್ತಲೇಪನದಲ್ಲಿ ಕಾಣಸಿಗುವವರು. ನಾನು ಒಂದನೆಯದನ್ನು ತೆಗೆದುಕೊಂಡು ಕ್ಷೇತ್ರದ ರಕ್ತಲೇಪನ ಸಮೀಕ್ಷೆಯ ಪಕ್ಕಕ್ಕೆ ಇಟ್ಟೆ. ತಂತ್ರಾಂಶದ ಗೆರೆ ಸಮೀಕ್ಷೆಗಿಂತ ಬಹಳ ಮೇಲೆ ನಿಂತಿತು. ಅದನ್ನು ಕೆಳಗಿಳಿಸಲು ಸೋಂಕುಕಡಿತದ ದರವನ್ನು, ಎಂದರೆ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಬೀಳುವ ಸೋಂಕುಳ್ಳ ಸೊಳ್ಳೆಯ ಕಡಿತಗಳನ್ನು, ಇಳಿಸುತ್ತ ಹೋದೆ. ನಾಲ್ಕು ದಿನ ಹೀಗೆ ಕಳೆದ ಮೇಲೆ ಗೆರೆಗಳು ಕೂಡಿದವು, ಆದರೆ ಮಕ್ಕಳಲ್ಲಿನ ಜ್ವರದ ಪ್ರಮಾಣ ಎಲ್ಲಿಯೂ ಹೊಂದಲಿಲ್ಲ. ಆ ಹೊಂದದಿರುವಿಕೆಯೇ ನನ್ನನ್ನು ಹಿಂದಕ್ಕೆ ಕರೆದೊಯ್ದು ಸಂಕೇತದ ಪಟ್ಟಿಯನ್ನು ಮತ್ತೆ ಓದಿಸಿತು. ತಪ್ಪು ಅಳತೆಗೆ ಹೊಂದಿಸಿದ ಊರಿನಲ್ಲಿ ರೋಗ ನಿಜಕ್ಕಿಂತ ಹಗುರವಾಗಿರುತ್ತದೆ, ಹಗುರವಾದ ಊರಿನಲ್ಲಿ ಪರದೆಗಳು ನಿಜಕ್ಕಿಂತ ಸುಲಭವಾಗಿ ಗೆಲ್ಲುತ್ತವೆ. ಅದೇ ಲೆಕ್ಕ ಒಂದು ವರದಿಗೆ ಹೋಗಿದ್ದರೆ ಎಂಬ ಯೋಚನೆ ಈಗಲೂ ನನ್ನನ್ನು ಎಚ್ಚರವಾಗಿ ಇಡುತ್ತದೆ.

ಈಗ ಈ ತಂತ್ರಾಂಶದ ಜೀವಾಳಕ್ಕೆ ಬರೋಣ. ಮಲೇರಿಯಾ ಹೆಚ್ಚಾಗಿರುವ ಕಡೆ ಹುಟ್ಟಿ ಬೆಳೆದವರಿಗೆ ಬಾಲ್ಯದ ಸೋಂಕುಗಳಿಂದ ಒಂದು ಬಗೆಯ ರೋಗನಿರೋಧಕ ಶಕ್ತಿ ಬರುತ್ತದೆ. ಅದು ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಆದರೆ ಪರಾವಲಂಬಿಯ ಸಾಂದ್ರತೆಯನ್ನು ಹತೋಟಿಯಲ್ಲಿಟ್ಟು ಕಾಯಿಲೆಯನ್ನು ಹಗುರ ಮಾಡುತ್ತದೆ. ಓಪನ್‌ಮಲೇರಿಯಾ ಪ್ರತಿಯೊಬ್ಬರ ಖಾತೆಯಲ್ಲೂ ಈ ಗಳಿಕೆಯನ್ನು ಬರೆದಿಡುತ್ತದೆ. ಅದಕ್ಕಾಗಿಯೇ ನಿಜವಾದ ಲೆಕ್ಕ ಶುರುವಾಗುವ ಮೊದಲು ಊರನ್ನು ಒಂದು ಮನುಷ್ಯನ ಆಯಸ್ಸಿನಷ್ಟು ಕಾಲ ಸುಮ್ಮನೆ ಓಡಿಸುತ್ತದೆ, ಎಂಬತ್ತು ವರ್ಷದ ಮುದುಕರ ಮೈಯಲ್ಲೂ ಎಂಬತ್ತು ವರ್ಷದ ಸೋಂಕಿನ ಚರಿತ್ರೆ ಇರಲಿ ಎಂದು. ನಾನು ಆರು ವರ್ಷ ಪರದೆ ಹಂಚಿ ಆಮೇಲೆ ನಿಲ್ಲಿಸುವ ಯೋಜನೆಯನ್ನು ಓಡಿಸಿದಾಗ, ಹಂಚಿದ ವರ್ಷಗಳಲ್ಲಿ ರೋಗ ಇಳಿಯಿತು. ಆ ಅವಧಿಯಲ್ಲಿ ಹುಟ್ಟಿದ ಮಕ್ಕಳು ಸೋಂಕಿನ ಪರಿಚಯವೇ ಇಲ್ಲದೆ ಬೆಳೆದರು. ಪರದೆಗಳು ಹರಿದು ಮುಗಿದ ಮೇಲೆ ಸೊಳ್ಳೆಗಳು ಹಿಂದಿನಂತೆಯೇ ಕಚ್ಚತೊಡಗಿದಾಗ ಜ್ವರ ಹಿಂದಿನ ಮಟ್ಟವನ್ನೂ ಮೀರಿ ಏರಿ, ಹೆಚ್ಚು ಹೊಡೆತ ಬಿದ್ದದ್ದು ಮೊದಲಿನಂತೆ ಕೂಸುಗಳಿಗೆ ಮಾತ್ರವಲ್ಲ, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೂ. ಅದೇ ಕಡತದಲ್ಲಿ ಜ್ವರಕ್ಕೆ ಚಿಕಿತ್ಸೆ ಪಡೆಯುವವರ ಪಾಲನ್ನು ಹೆಚ್ಚಿಸಿ ಮತ್ತೆ ಓಡಿಸಿದಾಗ ಆ ಏರಿಕೆ ತಗ್ಗಿತು. ಪರದೆಯ ಕಾರ್ಯಕ್ರಮ ಬರೆಯುವಾಗಲೇ ಚಿಕಿತ್ಸೆಯ ಕಾರ್ಯಕ್ರಮವನ್ನೂ ಏಕೆ ಬರೆಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಇದು ಕಂಪ್ಯೂಟರ್ ಪರದೆಯ ಮೇಲಿನ ಕತೆ ಮಾತ್ರ ಎಂದುಕೊಳ್ಳಬೇಡಿ. ಇಂದಿನ ಶ್ರೀಲಂಕಾ, ಅಂದಿನ ಸಿಲೋನ್, 1963ರಲ್ಲಿ ಇಡೀ ವರ್ಷಕ್ಕೆ 17 ಮಲೇರಿಯಾ ಪ್ರಕರಣಗಳಿಗೆ ಇಳಿದಿತ್ತು. ಸಿಂಪಡಣೆ ನಿಂತು, ನಿಗಾ ಸಡಿಲವಾದ ಕೆಲವೇ ವರ್ಷಗಳಲ್ಲಿ, 1968–69ರ ಸಾಂಕ್ರಾಮಿಕದಲ್ಲಿ, ಪ್ರಕರಣಗಳು 5 ಲಕ್ಷವನ್ನು ದಾಟಿದವು. ಅದೇ ದೇಶ ಮತ್ತೆ ದಶಕಗಳ ಕಾಲ ದುಡಿದು 2016ರಲ್ಲಿ ಮಲೇರಿಯಾ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಪಡೆಯಿತು.

ಒಂದೇ ಓಟದ ಫಲಿತಾಂಶವನ್ನು ನಂಬಬಾರದು ಎಂಬುದನ್ನೂ ಹೇಳಬೇಕು. ಯಾರಿಗೆ ಯಾವಾಗ ಸೋಂಕು ತಗಲುತ್ತದೆ ಎಂಬುದನ್ನು ಇಲ್ಲಿ ಒಂದು ಬಗೆಯ ಚೀಟಿ ಎತ್ತುವಿಕೆ ನಿರ್ಧರಿಸುತ್ತದೆ, ಅದು ಆರಂಭವಾಗುವ ಸೀಡ್ ಸಂಖ್ಯೆಯನ್ನು ಬದಲಿಸಿದರೆ ಗೆರೆಯೂ ಬದಲಾಗುತ್ತದೆ. ಸಾವಿರ ಜನರ ಊರಿನಲ್ಲಿ ಎರಡು ಸೀಡ್‌ಗಳ ನಡುವಿನ ವ್ಯತ್ಯಾಸವೇ ಕೆಲವೊಮ್ಮೆ ಎರಡು ಯೋಜನೆಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹತ್ತು ಸಾವಿರ ಜನರನ್ನಿಟ್ಟು, ಪ್ರತಿ ಯೋಜನೆಯನ್ನೂ ಕನಿಷ್ಠ ಹತ್ತು ಸೀಡ್‌ಗಳಲ್ಲಿ ಓಡಿಸುವುದು ನಾನು ಹಾಕಿಕೊಂಡ ನಿಯಮ. ಒಂದೆರಡು ಯೋಜನೆಗಳಾದರೆ ಸಾಮಾನ್ಯ ಕಂಪ್ಯೂಟರ್ ಸಾಕು. ಊಹೆಗಳನ್ನೆಲ್ಲ ಅದಲುಬದಲು ಮಾಡಿ ನೋಡಬೇಕೆಂದರೆ ಓಟಗಳು ಸಾವಿರಗಟ್ಟಲೆಯಾಗುತ್ತವೆ, ಆಗ ದೊಡ್ಡ ಗಣಕ ವ್ಯವಸ್ಥೆಯ ನೆರವು ಬೇಕು.

ಕೊರತೆಗಳಲ್ಲಿ ಮೊದಲನೆಯದು ಸ್ಥಳದ್ದು. ಒಂದು ಓಟದಲ್ಲಿ ಒಂದೇ ಊರು, ಅದರೊಳಗೆ ಎಲ್ಲರೂ ಎಲ್ಲ ಸೊಳ್ಳೆಗಳಿಗೂ ಸಮಾನ ದೂರದಲ್ಲಿ ಇದ್ದಂತೆ. ಹೊರಗಿನಿಂದ ಬರುವ ಸೋಂಕನ್ನು ಒಂದು ದರವಾಗಿ ಸೇರಿಸಬಹುದೇ ಹೊರತು, ಕೂಲಿಗೆ ಹೋಗಿ ಬರುವವರ ದಾರಿಯನ್ನು ಹಿಂಬಾಲಿಸಲು ಆಗುವುದಿಲ್ಲ. ಎರಡನೆಯದಾಗಿ, ಮಳೆ ಮತ್ತು ತಾಪಮಾನವನ್ನು ಕೊಟ್ಟರೆ ಸೊಳ್ಳೆಗಳು ತಾವಾಗಿ ಹುಟ್ಟಿಬರುವ ವ್ಯವಸ್ಥೆಯನ್ನು ಇಲ್ಲಿ ನಿರೀಕ್ಷಿಸಬಾರದು. ವರ್ಷದ ಯಾವ ತಿಂಗಳಲ್ಲಿ ಸೋಂಕುಕಡಿತ ಎಷ್ಟು ಎಂಬುದನ್ನು ನಾವೇ ಕೊಡಬೇಕು, ಅದಕ್ಕೆ ತಕ್ಕಷ್ಟು ಸೊಳ್ಳೆಗಳನ್ನು ಅದು ಹಿಂದಕ್ಕೆ ಲೆಕ್ಕಹಾಕಿಕೊಳ್ಳುತ್ತದೆ. ಹವಾಮಾನವನ್ನೇ ಮುಂದಿಟ್ಟುಕೊಂಡು ಕೇಳುವ ಪ್ರಶ್ನೆಗಳಿಗೆ ಇಮಾಡ್ ಎಂಬ ಇನ್ನೊಂದು ತಂತ್ರಾಂಶ ಹೆಚ್ಚು ಹೊಂದುತ್ತದೆ; ಅದು ಮೊಟ್ಟೆ, ಮರಿಹುಳು, ದೊಡ್ಡ ಸೊಳ್ಳೆ ಎಂದು ಹಂತಹಂತವಾಗಿ ಲೆಕ್ಕಿಸಿ, ಮಳೆನೀರಿನ ಗುಂಡಿಗಳು ಮತ್ತು ಸದಾ ನೀರಿರುವ ತಾಣಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ. ಮೂರನೆಯದಾಗಿ, ಓಪನ್‌ಮಲೇರಿಯಾ ಬೆಳೆದದ್ದು ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಒಂದು ಬಗೆಯ ಮಲೇರಿಯಾ ಪರಾವಲಂಬಿಯ ಸುತ್ತ. ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮರುಕಳಿಸುವ ವೈವಾಕ್ಸ್ ಎಂಬ ಇನ್ನೊಂದು ಬಗೆಯ ಪರಾವಲಂಬಿ ಮುಖ್ಯವಾಗಿರುವ ಕಡೆಗೆ ಇದರ ಫಾಲ್ಸಿಪಾರಂ ಲೆಕ್ಕವನ್ನು ಹಾಗೆಯೇ ಎತ್ತಿಕೊಂಡು ಹೋಗುವುದು ದೊಡ್ಡ ತಪ್ಪು.

ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆ. ಪರದೆಯ ವಿವರ ಬರೆಯುವ ಭಾಗದಲ್ಲಿ, ಒಟ್ಟು ಕಡಿತಗಳಲ್ಲಿ ಎಷ್ಟು ಪಾಲಿಗೆ ಪರದೆ ಅಡ್ಡ ಬರುತ್ತದೆ ಎಂಬ ಒಂದು ಪುಟ್ಟ ಅಂಕಿ ಇದೆ. ಅದನ್ನು 1 ಎಂದು ಇಟ್ಟರೆ ಸೊಳ್ಳೆಗಳೆಲ್ಲ ಜನ ಮಲಗಿದ ಮೇಲೆಯೇ, ಮನೆಯೊಳಗೇ ಕಚ್ಚುತ್ತವೆ ಎಂದು ಒಪ್ಪಿಕೊಂಡಂತೆ. ಸಂಜೆ ಹೊರಗೆ ಕುಳಿತಾಗಲೇ ಕಚ್ಚುವ, ರಕ್ತ ಹೀರಿ ಗೋಡೆಯ ಮೇಲೆ ಕೂರದೆ ಹೊರಗೆ ಹಾರಿಹೋಗುವ ಸೊಳ್ಳೆಗಳಿರುವ ಕಡೆ ಇಡೀ ಉತ್ತರ ಈ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಇದು ಬರಿಯ ಶಂಕೆಯಲ್ಲ. ನೈಜೀರಿಯಾದ ಉತ್ತರ ಭಾಗದ ಗರ್ಕಿಯಲ್ಲಿ 1969ರಿಂದ 1976ರ ವರೆಗೆ ನಡೆದ ದೊಡ್ಡ ಅಧ್ಯಯನದಲ್ಲಿ ಮನೆಗಳಿಗೆ ಪ್ರೊಪಾಕ್ಸರ್ ಎಂಬ ಕೀಟನಾಶಕ ಸಿಂಪಡಿಸಿ, ಅದರ ಜೊತೆಗೆ ಊರಿಗೆ ಊರಿಗೇ ಔಷಧ ನುಂಗಿಸಿದರೂ ರೋಗದ ಹರಡುವಿಕೆ ಪೂರ್ತಿ ಕಡಿಯಲಿಲ್ಲ. ಒಂದು ಪಾಲು ಸೊಳ್ಳೆಗಳು ಮನೆಯ ಹೊರಗೇ ವಿಶ್ರಮಿಸುತ್ತಿದ್ದುದು ಅದಕ್ಕೆ ಒಂದು ಕಾರಣವಾಗಿತ್ತು. ಗರ್ಕಿಯ ಅಂಕಿಅಂಶಗಳು ಓಪನ್‌ಮಲೇರಿಯಾವನ್ನು ಹದಗೊಳಿಸುವುದಕ್ಕೂ ಬಳಕೆಯಾಗಿವೆ. ಗರ್ಕಿ ಕಲಿಸಿದ ಪಾಠವೇ ತಂತ್ರಾಂಶದ ಒಂದು ಮೂಲೆಯ ಅಂಕಿಯಲ್ಲಿ ಕುಳಿತಿದೆ, ಅದನ್ನು ತುಂಬುವವರು ಗಮನಿಸದಿದ್ದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ನನ್ನ ಒಂದು ಕಡತದಲ್ಲಿ ಆ ಅಂಕಿಯನ್ನು 1ರಿಂದ 0.6ಕ್ಕೆ ಇಳಿಸಿ ಮತ್ತೆ ಓಡಿಸಿದಾಗ, ಪರದೆಗಿಂತ ಚಿಕಿತ್ಸೆಗೆ ಹಣ ಹಾಕುವ ಯೋಜನೆ ಮೇಲಕ್ಕೆ ಬಂತು. ಎರಡು ಯೋಜನೆಗಳ ಕ್ರಮವನ್ನೇ ಮಗುಚಿ ಹಾಕಬಲ್ಲ ಅಂಕಿಯನ್ನು ಯಾರೂ ಊಹೆಯಿಂದ ತುಂಬಬಾರದು.

ಒಂದೇ ತಂತ್ರಾಂಶದ ಮಾತಿಗೆ ಕಟ್ಟುಬೀಳದಿರುವುದು ಈ ಕ್ಷೇತ್ರದ ಒಳ್ಳೆಯ ರೂಢಿ. ಓಪನ್‌ಮಲೇರಿಯಾ ಒಂದೇ ಗಣಿತ ಮಾದರಿಯಲ್ಲ, ರೋಗನಿರೋಧಕ ಶಕ್ತಿಯ ಕ್ಷಯ, ಸೋಂಕಿನ ವ್ಯತ್ಯಾಸ ಮುಂತಾದವನ್ನು ಬೇರೆ ಬೇರೆ ರೀತಿಯಲ್ಲಿ ಊಹಿಸುವ ಮಾದರಿಗಳ ಒಂದು ಬಳಗ. ಲಸಿಕೆಯ ಪರಿಣಾಮದ ಒಂದು ಅಧ್ಯಯನದಲ್ಲಿ ಅಂಥ 14 ಮಾದರಿಗಳನ್ನು ಒಟ್ಟಿಗೆ ಓಡಿಸಿದ್ದಾರೆ. ಆರ್‌ಟಿಎಸ್,ಎಸ್ ಮಲೇರಿಯಾ ಲಸಿಕೆಯ ಬಗ್ಗೆ 2016ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಓಪನ್‌ಮಲೇರಿಯಾ, ಇಮಾಡ್ ಸೇರಿದಂತೆ ನಾಲ್ಕು ಮಾದರಿಗಳಿದ್ದವು. ನಾಲ್ಕು ಡೋಸ್ ಪೂರ್ತಿ ಪಡೆದ ಪ್ರತಿ 1 ಲಕ್ಷ ಮಕ್ಕಳಿಗೆ ಸುಮಾರು 1,16,480 ಜ್ವರದ ಪ್ರಕರಣಗಳು ತಪ್ಪುತ್ತವೆ ಎಂಬುದು ಅವುಗಳ ಮಧ್ಯದ ಅಂದಾಜು. ಆದರೆ ಅಂದಾಜುಗಳ ವ್ಯಾಪ್ತಿ 31,450ರಿಂದ 1,60,410ರ ವರೆಗೆ ಹರಡಿತ್ತು. ಐದು ಪಟ್ಟು ಅಂತರ ಎಂದು ಬೆಚ್ಚುವ ಬದಲು ಅದನ್ನು ಹೀಗೆ ಓದಬೇಕು: ಲಸಿಕೆ ಉಪಯುಕ್ತ ಎಂಬುದರಲ್ಲಿ ನಾಲ್ಕೂ ಒಂದಾಗಿವೆ, ಎಷ್ಟು ಎಂಬುದು ರೋಗ ಎಷ್ಟಿದೆ ಎಂಬುದನ್ನೇ ಬಹುಪಾಲು ಅವಲಂಬಿಸಿದೆ. ಆಫ್ರಿಕಾದ ಮೂರು ದೇಶಗಳಲ್ಲಿ 2019ರಿಂದ ಲಸಿಕೆಯನ್ನು ಕೊಟ್ಟು ನೋಡಿದ ಬಳಿಕ, 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು.

ಕಡತ ಬರೆಯುವ ಅಭ್ಯಾಸವಿರುವ ಒಬ್ಬರು, ಸೊಳ್ಳೆಗಳನ್ನು ಬಲ್ಲ ಒಬ್ಬರು, ಕಾರ್ಯಕ್ರಮ ನಡೆಸಿದ ಅನುಭವವಿರುವ ಒಬ್ಬರು, ಈ ಮೂವರೂ ಒಂದೇ ಮೇಜಿನ ಸುತ್ತ ಕೂರಬಲ್ಲ ತಂಡಕ್ಕೆ ಓಪನ್‌ಮಲೇರಿಯಾವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಒಬ್ಬರೇ ಕುಳಿತು ಒಂದು ವಾರದಲ್ಲಿ ವರದಿ ಕೊಡಬೇಕಾದವರಿಗೆ ಇದು ತಕ್ಕದ್ದಲ್ಲ. ಶುರು ಮಾಡುವವರು ಮೊದಲು ರಕ್ತಲೇಪನ ಸಮೀಕ್ಷೆಯನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಇಟ್ಟುಕೊಳ್ಳಲಿ, ಹಂಚಿದ ಪರದೆಗಳಲ್ಲಿ ಎರಡು ವರ್ಷದ ನಂತರ ಎಷ್ಟು ಉಳಿದಿವೆ ಎಂದು ಮನೆಮನೆಗೆ ಹೋಗಿ ಎಣಿಸಲಿ, ಮತ್ತು ಸಂಜೆ ಆರರಿಂದ ಬೆಳಗಿನ ಆರರ ವರೆಗೆ ಮನೆಯ ಒಳಗೂ ಹೊರಗೂ ಗಂಟೆಗೊಮ್ಮೆ ಎಷ್ಟು ಸೊಳ್ಳೆ ಬರುತ್ತವೆ ಎಂಬ ಎಣಿಕೆಯನ್ನು, ಒಂದು ಋತುವಿನದಾದರೂ ಸರಿ, ಕೈಗೆ ತೆಗೆದುಕೊಳ್ಳಲಿ.